ಲ್ಯಾಕ್ಸ್‌ಟನ್: ಬೇಲಿಯಿಲ್ಲದ ಹೊಲಗಳ ಒಂದು ಇಂಗ್ಲಿಷ್ ಗ್ರಾಮ

ಇಂಗ್ಲೆಂಡಿನ ಚರಿತ್ರೆಯನ್ನು ನಾವು ಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಓದಿದೆವು. ಈಗ ಓದಿಸುತ್ತಲೂ ಇದ್ದೇವೆ. ನಾವು ಕಲಿತದ್ದು ಬಹುಮಟ್ಟಿಗೆ ಅರಸರ ವಂಶಾವಳಿ, ಪಾರ್ಲಿಮೆಂಟಿನ ಕಲಹಗಳು, ಯುದ್ಧಗಳ ತಾರೀಖುಗಳು. ಆ ಅರಸರಿಗೂ ಅವರ ಸೈನ್ಯಕ್ಕೂ ಗೋಧಿ ಬೆಳೆದುಕೊಟ್ಟ ರೈತನು ಎಂತಹ ಊರಿನಲ್ಲಿದ್ದನು, ಅವನ ಹೊಲ ಎಷ್ಟು ಉದ್ದ ಎಷ್ಟು ಅಗಲ, ನೆರೆಯವನು ಗಡಿಯನ್ನು ಒತ್ತಿ ಉತ್ತರೆ ನ್ಯಾಯ ಹೇಳುವವರು ಯಾರು—ಈ ಪ್ರಶ್ನೆಗಳನ್ನು ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ. ಆದುದರಿಂದ ನಾವೂ ಕೇಳಿಕೊಳ್ಳಲಿಲ್ಲ. ಈ ದಿನ ಅಂತಹ ಒಂದು ಹಳ್ಳಿಯನ್ನು ಸ್ವಲ್ಪ ಹೊತ್ತು ನೋಡಿಬರೋಣ. ಅಲ್ಲಿ ಮಹಾಯುದ್ಧ ನಡೆದಿಲ್ಲ, ಮಹಾಕವಿ ಹುಟ್ಟಿಲ್ಲ. ಆದರೂ ಇಂಗ್ಲೆಂಡಿನ ಸಾವಿರಾರು ಹಳ್ಳಿಗಳು ಕಳೆದುಕೊಂಡ ಒಂದು ವಸ್ತು ಅಲ್ಲಿ ಉಳಿದುಕೊಂಡಿದೆ. ಅದು ಯಾವುದು, ಹೇಗೆ ಉಳಿಯಿತು ಎಂಬುದೇ ನಮ್ಮ ವಿಷಯ.

ಊರಿನ ಹೆಸರು ಲ್ಯಾಕ್ಸ್‌ಟನ್. ಇಂಗ್ಲೆಂಡಿನ ನಡುನಾಡಿನಲ್ಲಿ ನಾಟಿಂಗ್‌ಹ್ಯಾಮ್‌ಷೈರ್ ಎಂಬ ಪ್ರಾಂತದಲ್ಲಿದೆ. ಲಂಡನ್ನಿನಿಂದ ಉತ್ತರಕ್ಕೆ ಯಾರ್ಕ್ ನಗರದ ಕಡೆಗೆ ಹೋಗುವ ಪ್ರಾಚೀನ ರಾಜಮಾರ್ಗವು ಟಕ್ಸ್‌ಫರ್ಡ್ ಎಂಬ ಚಿಕ್ಕ ಪೇಟೆಯನ್ನು ಹಾದುಹೋಗುತ್ತದೆ. ಅಲ್ಲಿಂದ ನೈಋತ್ಯಕ್ಕೆ ಕೆಲವೇ ಮೈಲಿ ನಡೆದರೆ ನಮ್ಮ ಹಳ್ಳಿ ಸಿಕ್ಕುತ್ತದೆ. ಪಶ್ಚಿಮಕ್ಕೆ, ರಾಬಿನ್ ಹುಡ್ಡನ ಕಥೆಗಳಿಂದ ಮಕ್ಕಳಿಗೂ ಪರಿಚಿತವಾದ ಷೆರ್‌ವುಡ್ ಅರಣ್ಯಪ್ರದೇಶ. ಪೂರ್ವಕ್ಕೆ ಟ್ರೆಂಟ್ ನದಿಯ ವಿಶಾಲವಾದ ಬಯಲು. ಇವೆರಡರ ನಡುವೆ ಮೆಲ್ಲಗೆ ಏರಿ ಇಳಿಯುವ ದಿಣ್ಣೆಗಳ ಸೀಮೆಯಲ್ಲಿ ಲ್ಯಾಕ್ಸ್‌ಟನ್ ಕುಳಿತಿದೆ.

ಮಣ್ಣನ್ನು ನೋಡಿದರೆ ಈ ಸೀಮೆಯ ಚರಿತ್ರೆ ಅರ್ಧ ತಿಳಿದಂತೆ. ಷೆರ್‌ವುಡ್ಡಿನ ನೆಲ ಮರಳುಗಲ್ಲಿನದು. ನೀರು ನಿಲ್ಲದು, ಸಾರವೂ ಕಡಮೆ. ಅದು ಕಾಡಾಗಿ, ಅರಸರ ಬೇಟೆಯ ತಾಣವಾಗಿ ಉಳಿಯಿತು. ಲ್ಯಾಕ್ಸ್‌ಟನ್ನಿನ ನೆಲವಾದರೋ ಕೆಂಪು ಜೇಡಿ. ಮಳೆ ಬಿದ್ದರೆ ಕಾಲಿಗೆ ಹತ್ತಿ ಬಿಡದು. ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಆದರೆ ಹದವರಿತು ಉತ್ತವನಿಗೆ ಗೋಧಿಯನ್ನು ಚೆನ್ನಾಗಿ ಕೊಡುತ್ತದೆ. ಇಂತಹ ಮಣ್ಣನ್ನು ಒಬ್ಬ ರೈತನು ತನ್ನೊಂದು ಜೊತೆ ಎತ್ತಿನಿಂದ ಉಳಲಾರನು. ಭಾರಿಯಾದ ನೇಗಿಲು ಬೇಕು, ಅದನ್ನು ಎಳೆಯುವುದಕ್ಕೆ ಹಲವು ಎತ್ತುಗಳು ಬೇಕು. ಅಷ್ಟು ಎತ್ತುಗಳು ಒಬ್ಬನ ಕೊಟ್ಟಿಗೆಯಲ್ಲಿ ಇರುವುದು ಅಪೂರ್ವ. ಆದುದರಿಂದ ನಾಲ್ಕಾರು ಮಂದಿ ತಮ್ಮ ತಮ್ಮ ಎತ್ತುಗಳನ್ನು ಕೂಡಿಸಿ ಹೂಡಬೇಕಾಯಿತು. ನೆರೆಯವನನ್ನು ಬಿಟ್ಟು ಬಾಳಲಾಗದ ಸ್ಥಿತಿಯನ್ನು ಆ ಊರಿಗೆ ಮೊದಲು ತಂದಿತ್ತದ್ದು ಪ್ರಾಯಶಃ ಈ ಕೆಂಪು ಜೇಡಿಯೇ.

ಈಗ ಶ್ರೋತೃಗಳು ಮನಸ್ಸಿನಲ್ಲಿ ಒಂದು ಚಿತ್ರವನ್ನು ಬರೆದುಕೊಳ್ಳಬೇಕು. ನಡುವೆ ಒಂದು ದೊಡ್ಡ ಬೀದಿ. ಬೀದಿಯ ಅಂಚಿನಲ್ಲಿ ರೈತರ ಇಟ್ಟಿಗೆಯ ಮನೆಗಳು. ಅವುಗಳಲ್ಲಿ ಹಲವು ಬೀದಿಗೆ ಮುಖಗೊಡದೆ ಪಕ್ಕದ ಗೋಡೆಯನ್ನು ತೋರಿಸಿಕೊಂಡು ನಿಂತಿವೆ. ಪ್ರತಿಯೊಂದು ಮನೆಯ ಹಿಂದೆಯೂ ಕಣಜ, ಕೊಟ್ಟಿಗೆ, ಅಂಗಳ. ಅದರ ಹಿಂದೆ ಉದ್ದನೆಯ ಹಿತ್ತಿಲು. ಊರ ನಡುವೆ ಸಂತ ಮೈಕೇಲನ ಹೆಸರಿನ ಹಳೆಯ ಕಲ್ಲಿನ ದೇವಾಲಯ. ಉತ್ತರಕ್ಕೆ, ನಾರ್ಮನ್ ಪ್ರಭುಗಳು ಕಟ್ಟಿಸಿದ ಕೋಟೆಯ ಮಣ್ಣಿನ ದಿಬ್ಬ. ಕೋಟೆ ಹೋಯಿತು, ಹುಲ್ಲು ಬೆಳೆದ ದಿಬ್ಬ ಮಾತ್ರ ಉಳಿದಿದೆ. ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ರೈತನ ಮನೆ ಅವನ ಜಮೀನಿನ ನಡುವೆ ಒಂಟಿಯಾಗಿ ನಿಂತಿರುತ್ತದೆ. ಇಲ್ಲಿ ಹಾಗಲ್ಲ, ರೈತರೆಲ್ಲರೂ ಊರೊಳಗೇ ಇದ್ದಾರೆ, ಹೊಲಗಳು ಊರ ಸುತ್ತ ಇವೆ. ಇದಕ್ಕೆ ಕಾರಣವನ್ನು ಹುಡುಕಿ ಹೊರಟರೆ ಹೊಲಗಳ ವ್ಯವಸ್ಥೆಯ ಬಳಿಗೆ ಬರುತ್ತೇವೆ.

ಹಿಂದೆ ಊರ ಸುತ್ತ ನಾಲ್ಕು ದೊಡ್ಡ ಬಯಲುಗಳಿದ್ದವು. ಈಗ ಉಳಿದಿರುವುದು ಮೂರು: ಪಶ್ಚಿಮದ ಬಯಲು, ಗಿರಣಿಯ ಬಯಲು, ದಕ್ಷಿಣದ ಬಯಲು. ಮೂರೂ ಸೇರಿ ಸುಮಾರು 480 ಎಕರೆ. ಬಯಲಿನ ಒಳಗೆ ಬೇಲಿಯಿಲ್ಲ, ಗೋಡೆಯಿಲ್ಲ, ಬದುವೂ ಇಲ್ಲ. ಆದರೆ ಅದು ಒಬ್ಬನ ಸ್ವತ್ತೂ ಅಲ್ಲ. ಪ್ರತಿಯೊಂದು ಬಯಲೂ ಉದ್ದುದ್ದನೆಯ ಪಟ್ಟಿಗಳಾಗಿ ಹಂಚಿಹೋಗಿದೆ. ಒಬ್ಬ ರೈತನ ಪಟ್ಟಿಗಳು ಒಂದೆಡೆ ಇರುವುದಿಲ್ಲ. ಮೂರು ಬಯಲುಗಳಲ್ಲಿಯೂ ಚದರಿರುತ್ತವೆ. ಒಳ್ಳೆಯ ನೆಲದಲ್ಲಿ ಒಂದು, ಸಾಧಾರಣ ನೆಲದಲ್ಲಿ ಒಂದು, ನೀರು ನಿಲ್ಲುವ ತಗ್ಗಿನಲ್ಲಿ ಇನ್ನೊಂದು. ಹೀಗೆ ಚದರಿದ ಜಮೀನಿಗೆ ಸಮವಾದ ದೂರದಲ್ಲಿರುವ ಸ್ಥಳವೆಂದರೆ ಊರೇ. ಆದುದರಿಂದಲೇ ಯಾರೂ ಹೊಲದಲ್ಲಿ ಮನೆ ಕಟ್ಟಲಿಲ್ಲ.

ಬೆಳೆಯ ಕ್ರಮವೂ ಹೀಗೆಯೇ ಸಾಮುದಾಯಿಕವಾದುದು. ಮೂರು ಬಯಲುಗಳಲ್ಲಿ ಒಂದಕ್ಕೆ ಚಳಿಗಾಲಕ್ಕೆ ಮುಂಚೆ ಗೋಧಿ ಬಿತ್ತುತ್ತಾರೆ. ಎರಡನೆಯದಕ್ಕೆ ವಸಂತದಲ್ಲಿ ಬಾರ್ಲಿ, ಬಟಾಣಿ, ಹುರುಳಿಕಾಯಿ ಜಾತಿಯ ಕಾಳುಗಳು. ಮೂರನೆಯದು ಬೀಳು. ಮರುವರ್ಷ ಈ ಸರದಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮೂರು ವರ್ಷಕ್ಕೆ ಚಕ್ರ ಒಂದು ಸುತ್ತು ತಿರುಗುತ್ತದೆ. ಬೀಳುಬಿದ್ದ ನೆಲದ ಮೇಲೆ ಊರ ದನಕುರಿಗಳು ಮೇಯುತ್ತಿದ್ದವು. ಅವುಗಳ ಗೊಬ್ಬರವೇ ನೆಲಕ್ಕೆ ಆಹಾರ. ಈಚಿನ ಕಾಲದಲ್ಲಿ ಬರಿಯ ಬೀಳಿಗೆ ಬದಲಾಗಿ ಮೇವಿನ ಹುಲ್ಲನ್ನು ಬೆಳೆಯುವುದುಂಟು. ನೇಗಿಲು ಹೋಗಲಾರದ ತಗ್ಗುಗಳಲ್ಲಿಯೂ ಹಳ್ಳದ ಅಂಚಿನಲ್ಲಿಯೂ ಹುಲ್ಲುಗಾವಲುಗಳಿವೆ. ಇವುಗಳನ್ನು ಅಲ್ಲಿಯವರು ‘ಸೈಕ್’ ಎನ್ನುತ್ತಾರೆ. ಇವುಗಳ ಹುಲ್ಲನ್ನು ಹರಾಜು ಹಾಕುವ ಪದ್ಧತಿ ಇದೆ.

ಇದರಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೊಯ್ಲು ಮುಗಿದ ಬಯಲಿಗೆ ಊರ ದನಗಳನ್ನು ಬಿಡುವ ದಿನ ಒಬ್ಬನ ಪೈರು ಮಾತ್ರ ಇನ್ನೂ ನಿಂತಿದ್ದರೆ ಅವನು ಕೆಟ್ಟನು. ಎಲ್ಲರೂ ಗೋಧಿ ಬಿತ್ತಿದ ಬಯಲಿನಲ್ಲಿ ಒಬ್ಬನು ಬೇರೆ ಬೆಳೆಯನ್ನು ಬೆಳೆಯಲಾರನು. ಒಬ್ಬನು ತನ್ನ ಪಟ್ಟಿಯಲ್ಲಿ ಕಳೆಯನ್ನು ಬಿಟ್ಟರೆ ಬೀಜ ಎಲ್ಲರ ಪಟ್ಟಿಗೂ ಹಾರುತ್ತದೆ. ಒಬ್ಬನ ಸೋಮಾರಿತನಕ್ಕೆ ಹತ್ತು ಮಂದಿ ತೆರಬೇಕು. ಒಬ್ಬನ ಆತುರಕ್ಕೂ ಅಷ್ಟೆ.

ಪಟ್ಟಿಗಳು ಏಕೆ ಉದ್ದ, ಏಕೆ ಕಿರಿದು? ಎತ್ತುಗಳನ್ನು ಕೇಳಬೇಕು. ಎಂಟು ಎತ್ತುಗಳನ್ನು ಸಾಲಾಗಿ ಹೂಡಿದ ನೇಗಿಲನ್ನು ತಿರುಗಿಸುವುದು ದೊಡ್ಡ ಪ್ರಯಾಸದ ಕೆಲಸ. ಆದುದರಿಂದ ತಿರುವುಗಳು ಆದಷ್ಟು ಕಡಮೆಯಾಗುವಂತೆ ಸಾಲನ್ನು ಉದ್ದ ಮಾಡಿದರು. ಎತ್ತುಗಳು ದಣಿದು ನಿಲ್ಲುವ ಮುನ್ನ ಎಳೆಯಬಲ್ಲಷ್ಟು ಉದ್ದ. ‘ಫರ್ಲಾಂಗು’ ಎಂಬ ಶಬ್ದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ನೇಗಿಲ ಸಾಲಿನ ಉದ್ದ’ ಎಂದೇ ಅರ್ಥ. ಅದು 220 ಗಜಕ್ಕೆ ಗೊತ್ತಾಯಿತು. ಅಷ್ಟು ಉದ್ದದ ನೆಲದಲ್ಲಿ 22 ಗಜ ಅಗಲವಾದರೆ ಒಂದು ಎಕರೆ. ಒಂದು ಹೂಟೆ ಒಂದು ದಿನದಲ್ಲಿ ಉಳುವ ನೆಲವೆಂದು ಲೆಕ್ಕ. ನೆಲದ ಏರುತಗ್ಗುಗಳಿಗೆ ಅನುಸಾರವಾಗಿ ಪಟ್ಟಿಗಳ ಅಳತೆ ಊರೂರಿಗೆ ಹೆಚ್ಚುಕಡಮೆಯಾಗುತ್ತಿದ್ದರೂ ಮೂಲಮಾದರಿ ಇದೇ.

ಈ ಮಾದರಿ ಕಡಲು ದಾಟಿ ನಮ್ಮಲ್ಲಿಗೂ ಬಂದಿದೆ. ಹತ್ತೊಂಬತ್ತನೆಯ ಶತಮಾನದ ಸರ್ವೆಯವರು ನಮ್ಮ ಹೊಲಗಳನ್ನು ಸರಪಣಿಯಿಂದ ಅಳೆದು ಎಕರೆ–ಗುಂಟೆಗಳ ಲೆಕ್ಕವನ್ನು ಬರೆದರು. ಗುಂಟೆಯೆಂದರೆ 33 ಅಡಿ ಚೌಕದ ನೆಲ. ಆ ಇಂಗ್ಲಿಷ್ ಪಟ್ಟಿಯ ಅಗಲದಲ್ಲಿ ಎರಡು ಗುಂಟೆ ಹಿಡಿಯುತ್ತದೆ, ಉದ್ದದಲ್ಲಿ ಇಪ್ಪತ್ತು. ಎರಡಿಪ್ಪತ್ತಲ ನಲವತ್ತು ಗುಂಟೆ, ಒಂದು ಎಕರೆ. ಮೈಲಿ ಫರ್ಲಾಂಗುಗಳು ರಸ್ತೆಯ ಕಲ್ಲುಗಳಿಂದ ಅಳಿಸಿಹೋದರೂ ಪಹಣಿಯಲ್ಲಿ ಎಕರೆ ಗುಂಟೆಗಳು ಇಂದಿಗೂ ಇವೆ. ಮಂಡ್ಯದ ರೈತನು ತನ್ನ ಜಮೀನಿನ ವಿಸ್ತೀರ್ಣವನ್ನು ಹೇಳುವಾಗ, ಎಂದೋ ಸತ್ತುಹೋದ ಇಂಗ್ಲಿಷ್ ಎತ್ತುಗಳ ಒಂದು ದಿನದ ದುಡಿಮೆಯನ್ನು ತಿಳಿಯದೆಯೇ ಹೇಳುತ್ತಿರುತ್ತಾನೆ.

ಇನ್ನು ಊರಿನ ಚರಿತ್ರೆ. ವಿಜಯಿಯಾದ ವಿಲಿಯಂ ದೊರೆ 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಎಂಬ ದೊಡ್ಡ ಲೆಕ್ಕದಲ್ಲಿ ಈ ಗ್ರಾಮದ ಹೆಸರಿದೆ. ಕೋಟೆಯಲ್ಲಿದ್ದ ಪ್ರಭುಗಳು ಷೆರ್‌ವುಡ್ ಅರಣ್ಯದ ವಂಶಪಾರಂಪರ್ಯದ ರಕ್ಷಕರಾಗಿದ್ದರು. ದೇವಾಲಯದಲ್ಲಿ ಎವರಿಂಗ್‌ಹ್ಯಾಮ್ ಎಂಬ ಆ ಮನೆತನದವರ ಪ್ರತಿಮೆಗಳನ್ನು ಇಂದಿಗೂ ನೋಡಬಹುದು; ಅವುಗಳಲ್ಲಿ ಒಂದು ಮರದಲ್ಲಿ ಕಡೆದ ಸ್ತ್ರೀಪ್ರತಿಮೆ. ಹದಿಮೂರನೆಯ ಶತಮಾನದ ಮೊದಲ ದಶಕದಲ್ಲಿ ಜಾನ್ ದೊರೆಯ ಕೋಪಕ್ಕೆ ಈ ಊರು ಗುರಿಯಾಯಿತು. ತಮ್ಮ ಗ್ರಾಮವನ್ನು ಸುಡದೆ ಬಿಡಬೇಕೆಂದು ಊರಿನವರು 100 ಪೌಂಡು ತೆರಲು ಒಪ್ಪಿದರೆಂದು ದೊರೆಯ ಲೆಕ್ಕಪತ್ರಗಳು ಹೇಳುತ್ತವೆ. ಆ ಕಾಲಕ್ಕೆ ಅದು ಒಂದು ಹಳ್ಳಿಯ ಬೆನ್ನು ಮುರಿಯುವ ಹಣ. ಕೋಟೆ ದೊರೆಗಳ ಕೃಪೆಗೆ ಗುರಿಯಾದರೆ ಊರು ಅವರ ಕೋಪಕ್ಕೆ ಗುರಿಯಾಗುವುದು ಎಲ್ಲ ದೇಶಗಳಲ್ಲಿಯೂ ಕಂಡ ಸಂಗತಿಯೇ.

ನಾಲ್ಕು ಶತಮಾನಗಳ ತರುವಾಯ ಗ್ರಾಮವನ್ನು ಕೊಂಡ ಸರ್ ವಿಲಿಯಂ ಕೋರ್ಟೀನ್ ಎಂಬ ಲಂಡನ್ನಿನ ವರ್ತಕನು ತಾನು ಕೊಂಡದ್ದೇನೆಂದು ತಿಳಿಯಲು ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರನಿಂದ 1635ರಲ್ಲಿ ಒಂದು ನಕ್ಷೆಯನ್ನು ಬರೆಯಿಸಿದನು. ಒಂದೊಂದು ಮನೆ, ಒಂದೊಂದು ಹಿತ್ತಿಲು, ಒಂದೊಂದು ಪಟ್ಟಿಯೂ ಅದರಲ್ಲಿದೆ. ಮೋಜಣಿದಾರನು ರಸಿಕನೂ ಆಗಿದ್ದಿರಬೇಕು. ನಕ್ಷೆಯ ನಡುನಡುವೆ ಉಳುವವರನ್ನೂ ಕೊಯ್ಯುವವರನ್ನೂ ಬೇಟೆಗಾರರನ್ನೂ ಚಿಕ್ಕದಾಗಿ ಚಿತ್ರಿಸಿದ್ದಾನೆ. ವರ್ತಕನ ವಂಶದ ಕೈಯಲ್ಲಿ ಊರು ಬಹುಕಾಲ ನಿಲ್ಲಲಿಲ್ಲ. ನಕ್ಷೆ ಮಾತ್ರ ಉಳಿದು ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಭಂಡಾರವನ್ನು ಸೇರಿತು. ಅದನ್ನು ಆಧಾರವಾಗಿಟ್ಟುಕೊಂಡು ಆರ್ವಿನ್ ದಂಪತಿಗಳು 1938ರಲ್ಲಿ ಪ್ರಕಟಿಸಿದ ‘ದಿ ಓಪನ್ ಫೀಲ್ಡ್ಸ್’ ಎಂಬ ಗ್ರಂಥದಿಂದ ಈ ಹಳ್ಳಿ ವಿದ್ವಾಂಸರಲ್ಲಿ ಪ್ರಸಿದ್ಧವಾಯಿತು.

ಬೇಲಿಯಿಲ್ಲದ ಬಯಲಿನಲ್ಲಿ ವ್ಯಾಜ್ಯವಿಲ್ಲದೆ ಇರುವುದು ಹೇಗೆ? ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು ಹೊಡೆಯಲು ಯಾವ ರೈತನ ಕೈ ತಾನೆ ತವಕಿಸದು? ವರ್ಷಕ್ಕೊಂದು ಸಾಲು ಒತ್ತಿದರೆ ಹತ್ತು ವರ್ಷಕ್ಕೆ ಬಂಡಿದಾರಿಯೇ ಮಾಯವಾದೀತು. ಇದಕ್ಕೆ ಲ್ಯಾಕ್ಸ್‌ಟನ್ನಿನವರು ಇಟ್ಟುಕೊಂಡಿರುವ ಉಪಾಯ ಅವರ ಗ್ರಾಮನ್ಯಾಯಸ್ಥಾನ. ಅದನ್ನು ‘ಕೋರ್ಟ್ ಲೀಟ್’ ಎನ್ನುತ್ತಾರೆ. ಪ್ರತಿವರ್ಷ ನವೆಂಬರಿನ ಕೊನೆಯ ಹೊತ್ತಿಗೆ, ಆ ವರ್ಷ ಗೋಧಿ ಬಿತ್ತಿದ ಬಯಲನ್ನು ನೋಡಲು ಊರಿನ ರೈತರಿಂದಲೇ ಆಯ್ದ ಜ್ಯೂರಿಯವರು ಹೊರಡುತ್ತಾರೆ. ಹಿಂದೆ ನಡೆದು ಹೋಗುತ್ತಿದ್ದರು. ಈಗ ಟ್ರಾಕ್ಟರಿನ ಹಿಂದಿನ ಗಾಡಿಯಲ್ಲಿ ಕುಳಿತು ಹೋಗುವುದುಂಟು. ದಾರಿಯ ಅಂಚನ್ನೋ ಹುಲ್ಲುಗಾವಲನ್ನೋ ಯಾರಾದರೂ ಒತ್ತಿ ಉತ್ತಿದ್ದಾರೆಯೇ, ಕಾಲುವೆಯನ್ನು ತೋಡದೆ ಬಿಟ್ಟಿದ್ದಾರೆಯೇ ಎಂದು ಪರೀಕ್ಷಿಸುತ್ತಾರೆ. ಗಡಿ ಅಳಿಸಿದೆಡೆ ಗೂಟವನ್ನು ಹೊಡೆದು ಹೊಸದಾಗಿ ಗುರುತು ಮಾಡುತ್ತಾರೆ. ಊರಿನ ಪಾನಗೃಹದಲ್ಲಿ ಒಟ್ಟಿಗೆ ಊಟಮಾಡಿ, ಯಾರಿಗೆ ಎಷ್ಟು ದಂಡವೆಂದು ನಿರ್ಣಯಿಸುತ್ತಾರೆ.

ಅನಂತರದ ವಾರದಲ್ಲಿ ಜಮೀನಿನ ಒಡೆತನದ ಪರವಾಗಿ ನೇಮಕವಾದ ಪಾರುಪತ್ಯಗಾರನ ಅಧ್ಯಕ್ಷತೆಯಲ್ಲಿ ಅದೇ ಪಾನಗೃಹದಲ್ಲಿ ನ್ಯಾಯಸ್ಥಾನ ಸೇರುತ್ತದೆ. ಜ್ಯೂರಿಯವರ ವರದಿಯನ್ನು ಓದುತ್ತಾರೆ, ದಂಡವನ್ನು ಸಲ್ಲಿಸುತ್ತಾರೆ, ಮುಂದಿನ ವರ್ಷ ನೋಡಬೇಕಾದ ಬಯಲಿಗೆ ಹೊಸ ಜ್ಯೂರಿಯವರು ಪ್ರಮಾಣ ಸ್ವೀಕರಿಸುತ್ತಾರೆ. ತಪ್ಪಿಸಿಕೊಂಡ ದನಗಳನ್ನು ದೊಡ್ಡಿಗೆ ಹಾಕುವ ಅಧಿಕಾರಿಯ ಪದವಿಯೂ ಈ ಊರಿನಲ್ಲಿ ಬಹುಕಾಲ ನಡೆದುಬಂದದ್ದು. ದಂಡದ ಮೊತ್ತ ಅಲ್ಪ. ಅದರಿಂದ ಯಾವ ರೈತನೂ ಬಡವನಾಗುವುದಿಲ್ಲ. ಆದರೆ ಊರೆಲ್ಲ ಸೇರಿರುವಲ್ಲಿ, ‘ಇಂಥವನು ಇಷ್ಟು ನೆಲವನ್ನು ಒತ್ತಿದನು’ ಎಂದು ಓದಿಹೇಳಿದಾಗ ತಗ್ಗುವ ತಲೆಗೆ ಬೆಲೆ ಕಟ್ಟುವವರಾರು? ಈ ವರ್ಷ ಜ್ಯೂರಿಯಲ್ಲಿ ಕುಳಿತವನ ಪಟ್ಟಿಯನ್ನು ಮುಂದೆ ಇನ್ನೊಬ್ಬರು ನೋಡಲು ಬರುವವರೇ. ಆದುದರಿಂದ ಅತಿಕಠಿಣನಾಗುವುದಕ್ಕೂ ಎಡೆಯಿಲ್ಲ, ಅತಿದಯಾಳುವಾಗುವುದಕ್ಕೂ ಎಡೆಯಿಲ್ಲ.

ಒಂದು ಕಾಲದಲ್ಲಿ ನಡುನಾಡಿನ ಹಳ್ಳಿಗಳಲ್ಲಿ ಬಹುಭಾಗ ಇದೇ ಬಗೆಯವು. ಅವು ಏನಾದವು? ಜಮೀನ್ದಾರರು ಪಾರ್ಲಿಮೆಂಟಿನಿಂದ ಶಾಸನಗಳನ್ನು ಪಡೆದು ಬಯಲುಗಳನ್ನು ತುಂಡುಮಾಡಿ ಬೇಲಿಕಟ್ಟಿದರು. 1604ರಿಂದ 1914ರವರೆಗೆ ಇಂತಹ ಶಾಸನಗಳು 5,200ಕ್ಕೂ ಹೆಚ್ಚು. ಅವುಗಳಿಗೆ ಒಳಪಟ್ಟ ನೆಲ ಸುಮಾರು 68 ಲಕ್ಷ ಎಕರೆ, ಎಂದರೆ ಇಂಗ್ಲೆಂಡಿನ ಐದರಲ್ಲೊಂದು ಪಾಲು. ಕಮಿಷನರುಗಳು ಬಂದರು, ಮೋಜಣಿದಾರರು ಸರಪಣಿ ಎಳೆದರು, ಚದರಿದ ಪಟ್ಟಿಗಳಿಗೆ ಬದಲಾಗಿ ಒಬ್ಬೊಬ್ಬನಿಗೂ ಒಂದೆಡೆ ನೆಲ ಹಂಚಿಕೆಯಾಯಿತು. ಕಾಗದದ ಮೇಲೆ ಹಕ್ಕಿದ್ದವನಿಗೆ ನೆಲ ಸಿಕ್ಕಿತು. ಆದರೆ ಗೋಮಾಳದಲ್ಲಿ ಒಂದು ಹಸುವನ್ನೋ ನಾಲ್ಕು ಬಾತುಗಳನ್ನೋ ಮೇಯಿಸಿಕೊಂಡು, ಪೊದೆಯಲ್ಲಿ ಸೌದೆ ಆಯ್ದುಕೊಂಡು ಬಾಳುತ್ತಿದ್ದ ಬಡವನಿಗೆ ರೂಢಿಯ ಹೊರತು ಬೇರೆ ದಾಖಲೆಯಿರಲಿಲ್ಲ. ಅವನಿಗೆ ಏನೂ ಸಿಕ್ಕಲಿಲ್ಲ, ಅಥವಾ ಬೇಲಿಯ ಖರ್ಚಿಗೂ ಸಾಲದಷ್ಟು ಸಿಕ್ಕಿತು. ಅವನು ಕೂಲಿಯಾದನು, ಅವನ ಮಕ್ಕಳಲ್ಲಿ ಅನೇಕರು ಪಟ್ಟಣದ ಗಿರಣಿಗಳನ್ನು ಸೇರಿದರು. ಇಂಗ್ಲೆಂಡಿನ ಹಳ್ಳಿಗಾಡಿನ ಸೊಬಗೆಂದು ಚಿತ್ರಗಳಲ್ಲಿ ನಾವು ಮೆಚ್ಚುವ ಹಸುರು ಬೇಲಿಗಳ ಚೌಕಗಳಲ್ಲಿ ಎಷ್ಟೋ ಇದೇ ಕಾಲದಲ್ಲಿ ಹುಟ್ಟಿದವು.

ನ್ಯಾಯವಾಗಿ ಹೇಳುವುದಾದರೆ ಇನ್ನೊಂದು ಪಕ್ಷವೂ ಉಂಟು. ಚದರಿದ ಪಟ್ಟಿಗಳ ನಡುವೆ ಓಡಾಡಿ ರೈತನ ಹೊತ್ತು ವ್ಯರ್ಥವಾಗುತ್ತಿತ್ತು. ಹೊಸ ಬೆಳೆಯನ್ನು ಪ್ರಯೋಗಿಸಬೇಕೆಂಬ ಜಾಣನನ್ನು ಊರಿನ ರೂಢಿ ಕಟ್ಟಿಹಾಕುತ್ತಿತ್ತು. ಬೇಲಿಯೊಳಗೆ ಒಳ್ಳೆಯ ತಳಿಯ ದನಕುರಿಗಳನ್ನು ಬೆಳಸುವುದು ಸುಲಭವಾಯಿತು. ದೇಶದ ಆಹಾರೋತ್ಪತ್ತಿಯೂ ಬೆಳೆಯಿತು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಆಯಿತೆಂಬುದನ್ನು ಮಾತ್ರ ಮರೆಯಬಾರದು.

ಲ್ಯಾಕ್ಸ್‌ಟನ್ ಏಕೆ ಉಳಿಯಿತು? ಊರಿನವರು ಹಳೆಯದನ್ನು ಪೂಜಿಸುವವರಾಗಿದ್ದರೆಂದು ತಿಳಿಯಬೇಕಾಗಿಲ್ಲ. ಇಲ್ಲಿಯ ನೆಲ ಮುಖ್ಯವಾಗಿ ಎರಡು ದೊಡ್ಡ ಮನೆತನಗಳ ನಡುವೆ ಹಂಚಿಹೋಗಿತ್ತು. ಪಟ್ಟಿಗಳು ಒಂದರೊಡನೊಂದು ಹೆಣೆದುಕೊಂಡಿದ್ದವು. ಬೇಲಿ ಕಟ್ಟುವುದಕ್ಕೆ ಇಬ್ಬರ ಒಪ್ಪಿಗೆಯೂ ದೊಡ್ಡ ಖರ್ಚೂ ಬೇಕಿದ್ದಿತು. ಕೆಲಸ ಮುಂದೆ ಮುಂದೆ ಬಿದ್ದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮುಖ್ಯ ಒಡೆಯರಾದ ಮ್ಯಾನ್ವರ್ಸ್ ಅರ್ಲರು ಒಂದು ಬಯಲಿಗೆ ಬೇಲಿ ಹಾಕಿಸಿ, ಉಳಿದವುಗಳಲ್ಲಿ ಚಿಕ್ಕ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿಸಿದರು. ಆದುದರಿಂದ ಇಂದು ಕಾಣುವ ಪಟ್ಟಿಗಳು 1635ರ ನಕ್ಷೆಯ ಪಟ್ಟಿಗಳಲ್ಲ. ವ್ಯವಸ್ಥೆ ಮಾತ್ರ ಅದೇ.

ತಡವಾದುದೇ ಒಂದು ಪುಣ್ಯವಾಯಿತು. ಇದೊಂದೇ ಊರು ಉಳಿಯಿತೆಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅರ್ಲರು ಜಮೀನನ್ನು ಬಿಡಬೇಕಾಗಿ ಬಂದಾಗ, 1952ರಲ್ಲಿ ಬ್ರಿಟಿಷ್ ಸರ್ಕಾರದ ವ್ಯವಸಾಯ ಮಂತ್ರಿಶಾಖೆಯವರು ಅದನ್ನು ಕೊಂಡರು. 1977ರಲ್ಲಿ ಪಾರ್ಲಿಮೆಂಟು ಇಂತಹ ಹಳೆಯ ನ್ಯಾಯಸ್ಥಾನಗಳ ಅಧಿಕಾರವನ್ನು ದೇಶದಲ್ಲೆಲ್ಲ ತೆಗೆದುಹಾಕಿದಾಗ, ಲ್ಯಾಕ್ಸ್‌ಟನ್ನಿನ ನ್ಯಾಯಸ್ಥಾನವನ್ನು ಹೆಸರಿಸಿ ಅದೊಂದನ್ನು ಬಿಟ್ಟಿತು. 1981ರಲ್ಲಿ ಜಮೀನು ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ಥೋರ್ಸ್‌ಬಿ ಎಸ್ಟೇಟಿಗೆ, ಎಂದರೆ ಮ್ಯಾನ್ವರ್ಸ್ ಮನೆತನದ ಹಳೆಯ ಆಸ್ತಿಗೆ, ಮರಳಿ ಸೇರಿತು. ಒಡೆಯರು ಬದಲಾಗುತ್ತಿದ್ದರೂ ಜ್ಯೂರಿಯವರು ವರ್ಷಕ್ಕೊಮ್ಮೆ ಬಯಲಿಗೆ ಹೋಗುವುದು ನಿಂತಿಲ್ಲ.

ಹಾಗೆಂದು ಈ ಊರಿಗೆ ಅಪಾಯವಿಲ್ಲವೆಂದಲ್ಲ. ಶಾಸನ ರಕ್ಷಿಸಬಲ್ಲದು ನ್ಯಾಯಸ್ಥಾನದ ಹೆಸರನ್ನು. ಗಡಿಯನ್ನು ರಕ್ಷಿಸಬೇಕಾದವರು ಉಳುವವರೇ. ಯಂತ್ರಗಳು ದೊಡ್ಡವಾದಂತೆ ಪಟ್ಟಿಯಲ್ಲಿ ವ್ಯವಸಾಯ ಮಾಡುವುದು ತೊಡಕಾಗುತ್ತದೆ. ಹಿಂದೆ ಊರು ತುಂಬ ರೈತರಿದ್ದೆಡೆ ಈಗ ಬೆರಳೆಣಿಕೆಯ ಕುಟುಂಬಗಳು ಬಯಲನ್ನು ಉಳುತ್ತವೆ. ರೈತರಿಲ್ಲದಿದ್ದರೆ ಜ್ಯೂರಿಯಲ್ಲಿ ಕುಳಿತುಕೊಳ್ಳುವವರಾರು? ಕೋಟೆಯ ದಿಬ್ಬವನ್ನು ಪ್ರಾಚ್ಯವಸ್ತು ಇಲಾಖೆಯವರು ಕಾಯಬಹುದು. ನೆರೆಹೊರೆಯ ಕಟ್ಟುಪಾಡನ್ನು ಕಾಯುವ ಇಲಾಖೆ ಯಾವ ದೇಶದಲ್ಲಿಯೂ ಇಲ್ಲ.

ಇಂಗ್ಲೆಂಡಿನ ಪಾರ್ಲಿಮೆಂಟಿನ ಬೆಳವಣಿಗೆಯನ್ನು ಪಾಠ ಹೇಳುವಾಗ ನಮಗೆ ಈಗ ಈ ಹಳ್ಳಿಯ ನೆನಪಾಗುತ್ತದೆ. ನಿಯಮವನ್ನು ಮಾಡುವವರೇ ನಿಯಮಕ್ಕೆ ಒಳಗಾಗಿರುವುದು, ತಪ್ಪಿದವನು ಎಲ್ಲರೆದುರಿಗೆ ದಂಡ ತೆತ್ತು ಮರುದಿನ ಅದೇ ಬಯಲಿನಲ್ಲಿ ಅದೇ ನೆರೆಯವನ ಪಕ್ಕದಲ್ಲಿ ಉಳುವುದು—ಇದನ್ನು ಆ ಜನ ವೆಸ್ಟ್‌ಮಿನ್‌ಸ್ಟರಿನ ಮಂದಿರದಲ್ಲಿ ಮಾತ್ರ ಕಲಿಯಲಿಲ್ಲ. ಕೆಸರಿನಲ್ಲಿ ನಿಂತು, ಗೂಟವನ್ನು ಹೊಡೆಯುತ್ತ, ಅಂಗೈಯಗಲ ನೆಲಕ್ಕೆ ವಾದಿಸುತ್ತ ಕಲಿತರು. ಈ ವರ್ಷ ಗೋಧಿಯ ಬಯಲನ್ನು ನೋಡಿ ಮುಗಿಸಿದವರು ಮುಂದಿನ ವರ್ಷ ಪಕ್ಕದ ಬಯಲಿಗೆ ಹೋಗಬೇಕು. ಮೂರು ವರ್ಷದ ಮೇಲೆ ಮತ್ತೆ ಇಲ್ಲಿಗೇ ಬರಬೇಕು. ಅಷ್ಟರಲ್ಲಿ ಗೂಟಗಳು ಕೆಲವು ಅಲುಗಿರುತ್ತವೆ. ಅವುಗಳನ್ನು ಪುನಃ ನೆಡಬೇಕು.